ಗಾಜಿನ ಬಾವಿಯ ಕಪ್ಪೆ

ನಾಲ್ಕು ವರ್ಷದ ಹಿಂದೆ ಪುಣೆಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಎರಡು ಪುಟ್ಟ ಕಪ್ಪೆ ಕೊಂಡೆ. ಒಂದು ಕಂದು, ಇನ್ನೊಂದು ಕೆಂಪು ಕಣ್ಣಿನ ಬಿಳಿ. ಎರಡೂ ಹೆಬ್ಬೆರಳಿನ ತುದಿಯಷ್ಟಿದ್ದವು. "ಎರಡೂ ಡ್ವಾರ್ಫ್ ಫ್ರಾಗ್, ಕಾಕಾ. ಇಷ್ಟೇ ಇರ್ತಾವೆ. ಮೀನಿನ ಜೊತೆ ಹಾಕಿಬಿಡಿ, ಬೇರೆ ಊಟ ಬೇಡ" ಎಂದ ಅಂಗಡಿಯ ಹುಡುಗ. ಊರಿಗೆ ಫೋನ್ ಮಾಡಿದಾಗ ಅಮ್ಮ ನಕ್ಕಳು: "ಮಳೆಗಾಲದಲ್ಲಿ ಬಚ್ಚಲಿಗೆ ತಾವಾಗೇ ಬರ್ತಾವಲ್ಲೋ, ಅದಕ್ಕೆ ದುಡ್ಡು ಕೊಟ್ಟು ತಂದ್ಯಾ?"

ಕಂದು ಕಪ್ಪೆ ಮೂರನೇ ವಾರ ಸತ್ತಿತು. ಬಿಳಿಯದು ವರ್ಷ ತಿರುಗುವಷ್ಟರಲ್ಲಿ ನನ್ನ ಅಂಗೈಯಗಲ ಬೆಳೆದು, ತೊಟ್ಟಿಯಲ್ಲಿದ್ದ ಗಪ್ಪಿಗಳನ್ನು ಒಂದೂ ಬಿಡದೆ ನುಂಗಿತ್ತು. ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಅಂಗಡಿಗೆ ಹೋದರೆ ಅದೇ ಹುಡುಗ, "ದೊಡ್ಡದನ್ನ ಯಾರೂ ತಗೊಳ್ಳಲ್ಲ ಕಾಕಾ, ನದಿಗೆ ಬಿಟ್ಟುಬಿಡಿ" ಎಂದ.

ಈ ಲೇಖನ ಆ ಒಂದು ಮಾತಿನ ಮೇಲಿನ ಸಿಟ್ಟಿನಿಂದ ಹುಟ್ಟಿದ್ದು. ಆದರೆ ಸಿಟ್ಟು ಹುಡುಗನ ಮೇಲಲ್ಲ. ಅವನಿಗೆ ಯಾರೋ ಹೇಳಿಕೊಟ್ಟದ್ದನ್ನು ಅವನು ನನಗೆ ಹೇಳಿದ. "ಹೊಸಬರಿಗೆ ಸುಲಭ" ಎಂಬ ಹಣೆಪಟ್ಟಿಯಲ್ಲಿ ಈ ಜೀವಿಗಳನ್ನು ಮಾರುವ ಇಡೀ ವ್ಯಾಪಾರ, ಅದನ್ನು ನಂಬಿ ಕೊಳ್ಳುವ ನಮ್ಮಂಥ ಹವ್ಯಾಸಿಗಳು, ಇಬ್ಬರ ಮೇಲೂ ನನ್ನ ದೂರು.

ಮೊದಲು ಕಂದು ಕಪ್ಪೆಯ ವಿಷಯ. ಅದು ನಿಜಕ್ಕೂ ಆಫ್ರಿಕನ್ ಡ್ವಾರ್ಫ್ ಫ್ರಾಗ್, ಹೈಮೆನೊಕೈರಸ್. ಮಧ್ಯ ಆಫ್ರಿಕಾದ ಕಾಡಿನ ನಿಂತ ನೀರಿನದು. ಜೀವಮಾನವಿಡೀ ನೀರಿನಲ್ಲೇ ಇರುತ್ತದೆ, ಆದರೆ ಉಸಿರಾಡುವುದು ಶ್ವಾಸಕೋಶದಿಂದ. ಗಳಿಗೆಗೊಮ್ಮೆ ಮೇಲೆ ಬಂದು ಗಾಳಿ ಕುಡಿಯಲೇಬೇಕು. ನಾಲಿಗೆ ಇಲ್ಲ. ಕಣ್ಣು ಮಂದ. ಊಟವನ್ನು ಮೂಸಿ ಹುಡುಕುತ್ತದೆ, ಅದೂ ನಿಧಾನವಾಗಿ. ಇಂಥದನ್ನು ಮೀನಿನ ಜೊತೆ ಹಾಕುವುದೆಂದರೆ ಮದುವೆ ಊಟದ ಮೊದಲ ಪಂಕ್ತಿಗೆ ಕಣ್ಣು ಕಾಣದ ಅಜ್ಜನನ್ನು ನುಗ್ಗಿಸಿದ ಹಾಗೆ. ಹುಳು ನೀರಿಗೆ ಬಿದ್ದ ಅರ್ಧ ನಿಮಿಷದಲ್ಲಿ ಮೀನುಗಳು ಮುಗಿಸುತ್ತವೆ. ಕಪ್ಪೆ ಮೂಗು ತಿರುಗಿಸುವ ಹೊತ್ತಿಗೆ ಅಲ್ಲೇನೂ ಇರುವುದಿಲ್ಲ. ನನ್ನದು ಹಸಿವಿನಿಂದ ಸತ್ತಿತು, ಊಟ ಸುರಿದ ತೊಟ್ಟಿಯಲ್ಲೇ. "ಯಾಕೋ ಸುಮ್ಮನೆ ಕೂತಿರುತ್ತೆ, ಪಾಪ, ಸಾಧು ಪ್ರಾಣಿ" ಎಂದು ನಾನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಬಿಳಿಯದು ಡ್ವಾರ್ಫ್ ಅಲ್ಲವೇ ಅಲ್ಲ. ಅದು ಆಫ್ರಿಕನ್ ಕ್ಲಾಡ್ ಫ್ರಾಗ್, ಝೆನೊಪಸ್. ಚಿಕ್ಕಂದಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ ನಿಜ, ಆದರೆ ಗುರುತು ಹಿಡಿಯಲು ವಿಜ್ಞಾನಿ ಆಗಬೇಕಿಲ್ಲ. ಡ್ವಾರ್ಫ್‌ಗೆ ನಾಲ್ಕೂ ಪಾದಗಳಲ್ಲಿ ಬೆರಳುಗಳ ನಡುವೆ ಪೊರೆ ಇರುತ್ತದೆ. ಕ್ಲಾಡ್ ಕಪ್ಪೆಯ ಮುಂಗಾಲಿನ ಬೆರಳುಗಳು ಬಿಡಿಬಿಡಿ. ಇಷ್ಟನ್ನು ನೋಡಲು ಅಂಗಡಿಯವನಿಗೆ ಹತ್ತು ಸೆಕೆಂಡು ಸಾಕು, ಕೊಳ್ಳುವವನಿಗೂ ಸಾಕು. ನೋಡದಿದ್ದರೆ ಏನಾಗುತ್ತದೆ? ಹದಿನೈದು ವರ್ಷಕ್ಕೂ ಹೆಚ್ಚು ಬದುಕಬಲ್ಲ, ಬಾಯಿಗೆ ಹಿಡಿಸಿದ್ದನ್ನೆಲ್ಲ ತಿನ್ನುವ ಪ್ರಾಣಿಯೊಂದು ನಿಮ್ಮ ಹಾಲ್‌ನಲ್ಲಿ ಕೂತಿರುತ್ತದೆ. ಆಗ "ನದಿಗೆ ಬಿಡಿ" ಎಂಬ ಸಲಹೆ ಬರುತ್ತದೆ.

ಬಿಟ್ಟವರ ಕತೆ ಜಗತ್ತಿಗೆ ಗೊತ್ತಿದೆ. 1930ರ ದಶಕದಿಂದ ಗರ್ಭ ಪರೀಕ್ಷೆಗಾಗಿ ಈ ಕಪ್ಪೆಯನ್ನು ದಕ್ಷಿಣ ಆಫ್ರಿಕಾದಿಂದ ದೇಶದೇಶಗಳಿಗೆ ಸಾಗಿಸಿದರು. ಹೆಂಗಸಿನ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚಿದರೆ, ಗರ್ಭ ನಿಂತಿದ್ದಲ್ಲಿ ಒಂದು ದಿನದೊಳಗೆ ಅದು ಮೊಟ್ಟೆ ಇಡುತ್ತಿತ್ತು. ಆಮೇಲೆ ಪ್ರಯೋಗಾಲಯಗಳಿಂದ, ಸಾಕಣೆಯವರಿಂದ ತಪ್ಪಿಸಿಕೊಂಡವು, ಬಿಡಲ್ಪಟ್ಟವು. ಇವತ್ತು ಚಿಲಿ, ಕ್ಯಾಲಿಫೋರ್ನಿಯ, ಫ್ರಾನ್ಸ್, ಪೋರ್ಚುಗಲ್, ಸಿಸಿಲಿಯ ನೀರುಗಳಲ್ಲಿ ಬೇರೂರಿವೆ. ನಮ್ಮಲ್ಲಿ ಹಾಗಾಗುವುದಿಲ್ಲ ಎನ್ನುವವರು ಅಂಡಮಾನಿಗೆ ಹೋಗಿ ನೋಡಲಿ. ಮುಖ್ಯಭೂಮಿಯಿಂದ ಹೋದ ನಮ್ಮದೇ ದೊಡ್ಡ ಗೋಂಕರು ಕಪ್ಪೆ ಅಲ್ಲಿ ಪರದೇಶಿಯಾಗಿ ಹಬ್ಬಿದೆ, ಅದರ ಗೊದಮೊಟ್ಟೆಗಳು ಬೇರೆ ಕಪ್ಪೆಗಳ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಕೈಟ್ರಿಡ್ ಎಂಬ ಶಿಲೀಂಧ್ರವೂ ಇದೆ. ಎಷ್ಟೋ ಕಪ್ಪೆ ಪ್ರಭೇದಗಳನ್ನು ಅಳಿಸಿಹಾಕಿದ ಅದು ಅಂಗಡಿಗಳಿಗೆ ಬರುವ ಈ ನೀರುಗಪ್ಪೆಗಳಲ್ಲೂ ಕಂಡಿದೆ. ಪುಣೆಯಿಂದ ಒಂದು ಗಂಟೆ ಪಶ್ಚಿಮಕ್ಕೆ ಹೋದರೆ ಸಹ್ಯಾದ್ರಿ ಶುರುವಾಗುತ್ತದೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಕಪ್ಪೆಗಳು ಆ ಘಟ್ಟದಲ್ಲಿವೆ. ತೊಟ್ಟಿಯ ಹಳೇ ನೀರನ್ನು ಹಳ್ಳಕ್ಕೆ ಸುರಿಯುವ ಮುನ್ನ ಇದು ನೆನಪಿರಲಿ.

"ಹಾಗಾದರೆ ಸಾಕಲೇಬೇಡಿ, ಪಾಪ" ಎನ್ನುವ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ, ಆದರೂ ನಾನು ಒಪ್ಪುವುದಿಲ್ಲ. ಡ್ವಾರ್ಫ್ ಕಪ್ಪೆ ತೊಟ್ಟಿಯಲ್ಲಿ ಚೆನ್ನಾಗಿ ಬದುಕಬಲ್ಲದು, ಮರಿಯನ್ನೂ ಮಾಡಬಲ್ಲದು. ನನ್ನ ತಕರಾರು ಇಷ್ಟೆ: ಅದಕ್ಕೆ ಅದರದೇ ತೊಟ್ಟಿ ಕೊಡಲಾಗದವನು ಅದನ್ನು ಕೊಳ್ಳಬಾರದು. ಮೀನು ಇರಕೂಡದು. ನೀರು ಆಳವಿರಕೂಡದು, ಮೇಲೆ ಗಟ್ಟಿ ಮುಚ್ಚಳ ಬೇಕು, ಇಲ್ಲದಿದ್ದರೆ ಬೆಳಗ್ಗೆ ಸೋಫಾದ ಕೆಳಗೆ ಒಣಗಿ ಸಿಗುತ್ತದೆ. ನಲ್ಲಿ ನೀರನ್ನು ಆಂಟಿ-ಕ್ಲೋರಿನ್ ಹಾಕದೆ ಸುರಿದರೆ ಅದರ ಚರ್ಮವೇ ವಿಷ ಹೀರುತ್ತದೆ. ಹುಳುವನ್ನು ಡ್ರಾಪರ್‌ನಲ್ಲಿ ಮೂಗಿನ ಮುಂದೆ ಬಿಡುವ ತಾಳ್ಮೆ ಬೇಕು. ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಬೇಕು. 2009ರಿಂದ 2011ರವರೆಗೆ ಅಮೆರಿಕದಲ್ಲಿ ಈ ಕಪ್ಪೆಗಳಿಂದಲೇ ಸಾಲ್ಮೊನೆಲ್ಲ ಹರಡಿ ನೂರಾರು ಜನ ಕಾಯಿಲೆ ಬಿದ್ದರು, ಹೆಚ್ಚಿನವರು ಮಕ್ಕಳು. ಇದೆಲ್ಲ "ಸುಲಭ"ವೇ?

ನಾನು ಎರಡನೇ ಸಲ ಆರು ತಂದೆ, ಮುಂಗಾಲು ನೋಡಿಯೇ. ಎಂಟು ತಿಂಗಳ ನಂತರ ಒಂದು ರಾತ್ರಿ ತೊಟ್ಟಿಯಿಂದ ಗುಂಯ್ ಎಂಬ ಸದ್ದು. ಫಿಲ್ಟರ್ ಕೆಟ್ಟಿತೆಂದು ಬಂದು ನೋಡಿದರೆ ಗಂಡು ಹಾಡುತ್ತಿದೆ. ಹೆಣ್ಣಿನ ಸೊಂಟ ಹಿಡಿದು ಎರಡೂ ಮೇಲೇರುತ್ತವೆ, ನೀರಿನ ಮೇಲ್ಮೈಯಲ್ಲಿ ಬೆನ್ನಡಿಯಾಗಿ ಮಗುಚುತ್ತವೆ, ಆ ಗಳಿಗೆಯಲ್ಲಿ ನಾಲ್ಕಾರು ಮೊಟ್ಟೆ, ಮತ್ತೆ ಕೆಳಗೆ. ಬೆಳಗಿನ ಜಾವದವರೆಗೆ ಇದೇ. ತೇಲುವ ಮೊಟ್ಟೆಗಳನ್ನು ಚಮಚದಲ್ಲಿ ಎತ್ತಿ ಬೇರೆ ಟಬ್‌ಗೆ ಹಾಕಿದೆ, ಇಲ್ಲದಿದ್ದರೆ ಅಪ್ಪ ಅಮ್ಮನೇ ತಿಂದು ಮುಗಿಸುತ್ತವೆ.

ಮರಿಗಳಿಗೆ ಬೇಯಿಸಿದ ಪಾಲಕ್ ಹಾಕಿದೆ. ನಮ್ಮೂರ ಕೆರೆಯ ಗೊದಮೊಟ್ಟೆ ಪಾಚಿ ಕೆರೆದು ತಿನ್ನುವುದನ್ನು ನೋಡಿದವನು ನಾನು. ಐದು ದಿನದಲ್ಲಿ ಎಲ್ಲವೂ ಸತ್ತವು. ಇವು ಹುಟ್ಟಾ ಬೇಟೆಗಾರರು: ಕೊಳವೆಯಂಥ ಬಾಯಿ ಮುಂದೆ ಚಾಚಿ ಜೀವಂತ ಸೂಕ್ಷ್ಮಜೀವಿಯನ್ನು ಒಂದೊಂದಾಗಿ ಹೀರುತ್ತವೆ. ಅದು ಓದಿದ್ದರೆ ಗೊತ್ತಿರುತ್ತಿತ್ತು, ನಾನು ಓದಿರಲಿಲ್ಲ. ಮುಂದಿನ ಸಲ ಹುಲ್ಲು ನೆನೆಹಾಕಿದ ಡಬ್ಬಿಯ ಕೊಳೆನೀರು, ಆಮೇಲೆ ದಿನಕ್ಕೆರಡು ಸಲ ಆಗಷ್ಟೇ ಒಡೆದ ಆರ್ಟೀಮಿಯ. ತೊಂಬತ್ತರಲ್ಲಿ ಹನ್ನೊಂದು ಕಪ್ಪೆಯಾದವು.

ಆ ಹನ್ನೊಂದನ್ನು ದುಡ್ಡಿಲ್ಲದೆ ಕೊಡುತ್ತೇನೆಂದು ಪರಿಚಿತರಿಗೆ ಹೇಳಿದೆ. ಬಂದ ಮೊದಲ ಐದು ಕರೆಗಳಲ್ಲೂ ಒಂದೇ ಪ್ರಶ್ನೆ: ಮೀನಿನ ಜೊತೆ ಹಾಕಬಹುದಾ? ಐವರಿಗೂ ಇಲ್ಲ ಎಂದೆ. ಬಿಳಿ ಕಪ್ಪೆ ಇನ್ನೂ ಹಾಲ್‌ನಲ್ಲಿದೆ, ಒಂಟಿಯಾಗಿ, ಮೂರಡಿ ತೊಟ್ಟಿಯಲ್ಲಿ. ನನಗೀಗ ಐವತ್ತೆರಡು. ಲೆಕ್ಕ ಹಾಕಿದರೆ ಅದು ನನ್ನ ನಿವೃತ್ತಿಯನ್ನೂ ನೋಡುತ್ತದೆ.