ಹೆಸರು ಅವರದು, ಚೀಟಿ ಯಾರದು?



ಹಿಂದಿನ ವಾರ ನಾವು ಮೂವರು ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿದ್ದೆವು. ಕೊರಚ, ಕೊರಮರ ಬಗ್ಗೆ ಹಳೆಯ ವರದಿ ಬೇಕಾಗಿತ್ತು. ಕಂಪ್ಯೂಟರಿನಲ್ಲಿ ಕೊರಮ ಅಂತ ಹೊಡೆದರೆ ಏನೂ ಬರಲಿಲ್ಲ. ಅಲ್ಲಿದ್ದವರು, 'ಹಂಗೆ ಹುಡುಕಿದರೆ ಸಿಗಲ್ಲ, ಕ್ರಿಮಿನಲ್ ಟ್ರೈಬ್ಸ್ ಅಂತ ಹುಡುಕಿ' ಅಂದರು. ಸಿಕ್ಕಿತು. ನಮ್ಮ ಜೊತೆ ಬಂದಿದ್ದ ಹುಡುಗ ಕೊರಮರವನೇ. ತನ್ನ ತಾತನ ಕಾಲದ ಸುದ್ದಿ ಹುಡುಕಲು ಅವನು ತಾನೇ ತನ್ನ ಜನವನ್ನು ಅಪರಾಧಿಗಳು ಅಂತ ಬರೆಯಬೇಕಾಯಿತು.

ಹುಟ್ಟುತ್ತಲೇ ಮಗುವನ್ನು ಕಳ್ಳನನ್ನಾಗಿ ಮಾಡುವ ಕಾನೂನನ್ನು ಬ್ರಿಟಿಷರು ತಂದದ್ದು 1871ರಲ್ಲಿ. ಅದು ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಆ ಜನರನ್ನು ಕೂಡಿಹಾಕಿದ್ದ ಜಾಗವನ್ನು ಊರವರು ಈಗಲೂ ಸೆಟ್ಲಮೆಂಟ್ ಅಂತಲೇ ಕರೀತಾರೆ. ಕಾನೂನು ಸತ್ತಿದೆ. ಚೀಟಿ ಸತ್ತಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. 1492ರಲ್ಲಿ ಕೊಲಂಬಸ್ ದಾರಿ ತಪ್ಪಿ ಅಮೆರಿಕಕ್ಕೆ ಹೋಗಿ ಅದನ್ನೇ ಇಂಡಿಯಾದ ಕಡೆಯ ನಾಡು ಅಂದುಕೊಂಡ. ಅಲ್ಲಿಯ ಜನ ಇಂಡಿಯನ್ನರಾದರು. ಒಬ್ಬ ನಾವಿಕನ ತಪ್ಪು ದೊಡ್ಡ ದೊಡ್ಡ ಗ್ರಂಥಾಲಯಗಳ ವಿಷಯಪಟ್ಟಿಯೊಳಗೆ ಸೇರಿ ಶಾಶ್ವತ ಸತ್ಯವಾಗಿ ಕೂತಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವರ್ಗೀಕರಣ ಆ ಜನರ ಪುಸ್ತಕಗಳನ್ನು ಇತಿಹಾಸದ ಕಪಾಟಿಗೆ ತಳ್ಳಿತು. ಬದುಕಿರುವವರನ್ನು ಮುಗಿದುಹೋದವರ ಸಾಲಿನಲ್ಲಿ ನಿಲ್ಲಿಸುವುದೂ ಒಂದು ಹಿಂಸೆಯೇ.

ಆದರೆ ಅವರು ಸುಮ್ಮನಿರಲಿಲ್ಲ. ಹೊರಗಿನವರು ಪಾಪಾಗೊ ಅಂತ ಕರೆಯುತ್ತಿದ್ದ ಜನ 1986ರಲ್ಲಿ ತೊಹೊನೊ ಓಓಧಮ್ ಎಂಬ ತಮ್ಮದೇ ಹೆಸರನ್ನು ಅಧಿಕೃತ ಮಾಡಿಕೊಂಡರು. ಕೆನಡಾದಲ್ಲಿ ಮೊಹಾಕ್ ಜನದ ಗ್ರಂಥಪಾಲಕ ಬ್ರಯನ್ ಡಿಯರ್ 1970ರ ದಶಕದಲ್ಲಿ ತನ್ನ ಜನರ ಕಣ್ಣಿನಿಂದ ಪುಸ್ತಕಗಳನ್ನು ಜೋಡಿಸುವ ಹೊಸ ವರ್ಗೀಕರಣವನ್ನೇ ಕಟ್ಟಿದ. ನ್ಯೂಜಿಲೆಂಡಿನ ಗ್ರಂಥಾಲಯಗಳಲ್ಲಿ ಮಾವೊರಿ ಭಾಷೆಯದೇ ವಿಷಯಪಟ್ಟಿ ಇದೆ. ನಮ್ಮದೂ ನೋಡಿ. ಹಿಂದೆ 'ಅನ್‌ಟಚಬಲ್ಸ್' ಎಂದಿದ್ದ ತಲೆಬರಹ ಈಗ 'ದಲಿತ್ಸ್' ಆಗಿದೆ. ಅದು ಯಾರೋ ಕೊಟ್ಟ ಭಿಕ್ಷೆಯಲ್ಲ. ಹರಿಜನ ಅನ್ನಬೇಡಿ ಅಂತ ಬೀದಿಯಲ್ಲಿ ಕೂಗಿದವರ ದನಿ ಚೀಟಿಯ ತನಕ ಹೋಗಿ ಮುಟ್ಟಿತು.

'ಹೊಟ್ಟೆಗೆ ಹಿಟ್ಟಿಲ್ಲ, ನಿಮಗೆ ಕ್ಯಾಟಲಾಗಿನ ಚಿಂತೆ' ಅಂತ ನಮ್ಮವರೇ ಒಬ್ಬರು ಸಭೆಯಲ್ಲಿ ಅಂದರು. ಅಣ್ಣ, ಹಿಟ್ಟಿಗೂ ಚೀಟಿಗೂ ನಂಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಗೆಜೆಟಿಯರು, ಜನಗಣತಿ, ಹಳೆಯ ಸಂಸ್ಥಾನಗಳ ದಾಖಲೆಗಳೆಲ್ಲ ಸಾಕ್ಷಿಯಾಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಮುದುಕ ತನ್ನನ್ನು ಸೋಲಿಗ ಅನ್ನುತ್ತಾನೆ. 1909ರಲ್ಲಿ ಥರ್ಸ್ಟನ್ ಬರೆದದ್ದು ಶೋಲಗ. ಇವೆರಡೂ ಒಂದೇ ಅಂತ ಪಟ್ಟಿ ಹೇಳದಿದ್ದರೆ ಸಾಕ್ಷಿ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ. ಹಕ್ಕಿಪಿಕ್ಕಿ ಅನ್ನೋದು ಕಸುಬು ನೋಡಿ ಬಂದ ಹೆಸರು. ಮನೆಯೊಳಗೆ ಅವರಾಡುವ ನುಡಿ ವಾಗ್ರಿ. ಆ ಪದ ಎಷ್ಟು ಗ್ರಂಥಪಾಲಕರಿಗೆ ಗೊತ್ತು?

ನಾವು ಕೇಳುವುದು ದೊಡ್ಡದೇನಲ್ಲ. ಒಂದು, ಹೆಸರು ಬರೆಯುವ ಮುಂಚೆ ಆ ಜನರನ್ನು ಕೇಳಿ. ಒಂದೇ ಜನದೊಳಗೆ ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ. ಎರಡು, ಅವರು ಹೇಳಿದ ಹೆಸರೇ ತಲೆಬರಹವಾಗಲಿ. ಮೂರು, ಹಳೆಯ ಹೆಸರನ್ನು ಅಳಿಸಬೇಡಿ. ಅದರಿಂದ ಹುಡುಕಿದವರಿಗೆ 'ಇಲ್ಲಿ ನೋಡಿ' ಅಂತ ಹೊಸ ಹೆಸರಿನ ದಾರಿ ತೋರಿಸಿ. ಅದು ಯಾವ ಸರ್ಕಾರ, ಯಾವ ವರ್ಷದಲ್ಲಿ ಇಟ್ಟ ಹೆಸರು ಅಂತಲೂ ಬರೆಯಿರಿ. ಅವಮಾನ ಮಾಡಿದವರು ತಮ್ಮ ಗುರುತು ಅಳಿಸಿಕೊಂಡು ಪಾರಾಗಬಾರದು.

ಓದಿದ ಹುಡುಗ ಹುಡುಗಿಯರೇ, ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ. ನಿಮ್ಮ ಜನರನ್ನು ಹುಡುಕಿ. ಏನಂತ ಬರೆದಿದ್ದಾರೆ ಅಂತ ನಮಗೆ ಒಂದು ಕಾಗದ ಹಾಕಿ. ನಾಳೆ ಈ ಪತ್ರಿಕೆಯ ಮಾಸಿದ ಹಾಳೆಗಳೂ ಯಾವುದೋ ಪೆಟ್ಟಿಗೆ ಸೇರುತ್ತವೆ. ಅದರ ಮೇಲಿನ ಚೀಟಿಯನ್ನು ನಮ್ಮ ಮಕ್ಕಳು ಓದಿದಾಗ ತಲೆ ತಗ್ಗಿಸುವಂತಾಗಬಾರದು.

ಜೈ ಭೀಮ್.