ನಮ್ಮವರ ‘ಹೂಂ’ ಮತ್ತು ಟಿ.ಬಿ. ಮಾತ್ರೆ

‘ಈ ಜನಕ್ಕೆ ತಿಳುವಳಿಕೆ ಇಲ್ಲ, ಅದಕ್ಕೇ ಕಾಯಿಲೆ’ ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಡಾಕ್ಟರು ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ. ನಾಲ್ಕಕ್ಷರ ಕಲಿತ ಮೇಲೆ ಹಾಸ್ಟೆಲಿನಲ್ಲಿ ಕೂತು ನಾವೂ ಹೇಳುತ್ತೇವೆ. ಈ ಮಾತು ಸುಳ್ಳು. ಸುಳ್ಳು ಅಂತ ಗೊತ್ತಾಗಿಯೇ ಅರವತ್ತು ವರ್ಷ ದಾಟಿತು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವವರು ನಮ್ಮ ನಾಗಮಂಗಲಕ್ಕೆ ಅಂಟಿಕೊಂಡ ತುಮಕೂರು ಜಿಲ್ಲೆಯಲ್ಲಿ ಟಿ.ಬಿ. ರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಬರೆದರು. ಹೆಚ್ಚುಕಮ್ಮಿ ಎಲ್ಲ ರೋಗಿಗಳಿಗೂ ತಮ್ಮ ಮೈಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಹಲವರಿಗೆ ಅಲ್ಲಿ ಸಿಕ್ಕಿದ್ದು ಬರೀ ಕೆಮ್ಮಿನ ಔಷಧಿ! ಹಾಗಾದರೆ ತಿಳುವಳಿಕೆ ಇಲ್ಲದವರು ಯಾರು?

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬನ್ನಿ. ಶ್ರೀರಂಗಪಟ್ಟಣದ ಗದ್ದೆ ಬಯಲಲ್ಲಿ, ಪಾಂಡವಪುರದ ಆಲೆಮನೆಗಳಲ್ಲಿ, ಕೆ.ಆರ್. ಪೇಟೆಯ ಕಬ್ಬಿನ ಹೊಲಗಳಲ್ಲಿ ದುಡಿಯುವ ನಮ್ಮವರು ಕೆಮ್ಮಿಗೆ ಹೆದರಿ ಕೂಲಿ ಬಿಡುವುದಿಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಹಿಟ್ಟು ಹೋಯಿತು. ಕಲ್ಲು ಕ್ವಾರಿಯ ಧೂಳು ಕುಡಿದ ಶ್ವಾಸಕೋಶಕ್ಕೆ ಟಿ.ಬಿ. ಇನ್ನೂ ಬೇಗ ಹತ್ತುತ್ತದೆ. ಇದನ್ನು ಯಾವ ಗೋಡೆಯ ಪೋಸ್ಟರು ಹೇಳುತ್ತದೆ?

ನಮ್ಮ ಕೇರಿಯ ಒಬ್ಬ ಅವ್ವನಿಗೆ ಟಿ.ಬಿ. ಅಂತ ಮಾತ್ರೆ ಕೊಟ್ಟರು. ‘ಆರು ತಿಂಗಳು ನುಂಗು, ಗೊತ್ತಾಯ್ತಾ?’ ಅಂದರು. ಅವ್ವ ‘ಹೂಂ ಬುದ್ದಿ’ ಅಂದರು. ಮೂರನೇ ದಿನ ಉಚ್ಚೆ ಕೆಂಪಗೆ ಹೋಯಿತು. ರಕ್ತ ಬೀಳ್ತಾ ಅದೆ ಅಂತ ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆದರು. ಆ ಕೆಂಪು ರಿಫಾಂಪಿಸಿನ್ ಅನ್ನುವ ಮಾತ್ರೆಯ ಬಣ್ಣ, ಅದರಿಂದ ಏನೂ ಆಗುವುದಿಲ್ಲ. ಇದನ್ನು ಹೇಳೋಕೆ ಅರ್ಧ ನಿಮಿಷ ಸಾಕಿತ್ತು. ಯಾರೂ ಹೇಳಲಿಲ್ಲ. ಕಾಗದದಲ್ಲಿ ಮಾತ್ರ ‘ಮಾತ್ರೆ ಬಿಟ್ಟ ರೋಗಿ’ ಅಂತ ಬರೆದುಕೊಂಡರು.

ಗೆಳೆಯರೇ, ಆ ‘ಹೂಂ’ ಅನ್ನುವುದರ ಅರ್ಥವೇನು? ಅದು ‘ಅರ್ಥವಾಯಿತು’ ಅಂತ ಅಲ್ಲ. ಗೌಡರ ಜಗಲಿಯ ಕೆಳಗೆ ಕೈಕಟ್ಟಿ ನಿಂತು ತಲೆತಲಾಂತರದಿಂದ ಕಲಿತ ‘ಹೂಂ’ ಅದು. ಎದುರು ಪ್ರಶ್ನೆ ಕೇಳಿದರೆ ಬೈಗುಳ ಬೀಳುತ್ತಿತ್ತು, ಕೂಲಿ ಹೋಗುತ್ತಿತ್ತು. ಬಿಳೀ ಕೋಟಿನ ಮುಂದೆಯೂ ಅದೇ ‘ಹೂಂ’ ಬರುತ್ತದೆ. ಅದನ್ನು ಕೇಳಿ ‘ತಿಳಿಸಿ ಹೇಳಿದ್ದೇವೆ’ ಅನ್ನುವುದು ಆತ್ಮವಂಚನೆ.

ಇನ್ನೊಂದು ಮಾತು. ಇದು ನಮಗೇ ನಾಟಬೇಕಾದ ಮಾತು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರ ವಿರುದ್ಧ ಹೋರಾಡಿದ ನಾವು, ಟಿ.ಬಿ. ಬಂದ ನಮ್ಮ ಅಪ್ಪನಿಗೆ, ಅಕ್ಕನಿಗೆ ಬೇರೆ ಲೋಟ, ಬೇರೆ ತಟ್ಟೆ ಇಡುತ್ತಿದ್ದೇವೆ. ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಕೆಮ್ಮಿದರೆ ಊಟದ ಸಾಲಿನಲ್ಲಿ ದೂರ ಸರಿಯುತ್ತೇವೆ. ಆ ಹುಡುಗ ಹೆದರಿ ಕಾಯಿಲೆ ಮುಚ್ಚಿಡುತ್ತಾನೆ, ಅದು ಹತ್ತು ಜನಕ್ಕೆ ಹಬ್ಬುತ್ತದೆ. ಟಿ.ಬಿ. ಲೋಟದಿಂದ ಬರುವುದಿಲ್ಲ, ಮುಟ್ಟಿದರೂ ಬರುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಬರುತ್ತದೆ. ಸರಿಯಾದ ಔಷಧಿ ಶುರು ಮಾಡಿದ ಕೆಲವು ವಾರಗಳಲ್ಲೇ ಹರಡುವುದು ಬಹಳ ಕಡಿಮೆಯಾಗುತ್ತದೆ. ಕಿಟಕಿ ತೆರೆಯಿರಿ, ಲೋಟ ಬೇರೆ ಮಾಡಬೇಡಿ. ಮೈಸೂರು ಅರಮನೆಯ ಕೃಷ್ಣಾಜಮ್ಮಣ್ಣಿಯನ್ನೂ ಈ ಕಾಯಿಲೆ ಬಿಡಲಿಲ್ಲ. ಮೈಸೂರಿನ ಟಿ.ಬಿ. ಆಸ್ಪತ್ರೆ ಆಕೆಯ ಹೆಸರಿನಲ್ಲೇ ಇದೆ. ಅರಮನೆಗೆ ಬಂದರೆ ಸ್ಮಾರಕ, ಕೇರಿಗೆ ಬಂದರೆ ಕಳಂಕವೇ?

2020ರ ಮೇ ತಿಂಗಳಲ್ಲಿ ಮುಂಬೈಗೆ ದುಡಿಯಲು ಹೋದ ಕೆ.ಆರ್. ಪೇಟೆಯ ಜನ ಕೊರೊನಾದಲ್ಲಿ ಊರಿಗೆ ಮರಳಿದಾಗಲೂ ಅಷ್ಟೆ. ಕಾಯಿಲೆ ಏನು ಅಂತ ತಿಳಿಸುವುದಕ್ಕೆ ಮೊದಲೇ ‘ಮುಂಬೈಯವರು’ ಅನ್ನುವ ಹಣೆಪಟ್ಟಿ ಬಿತ್ತು. ಭಯಕ್ಕೆ ಬೇಕಾದಷ್ಟು ಪ್ರಚಾರ ಸಿಕ್ಕಿತು, ತಿಳುವಳಿಕೆಗೆ ಸಿಗಲಿಲ್ಲ.

2025ಕ್ಕೆ ಭಾರತದಲ್ಲಿ ಟಿ.ಬಿ. ಮುಗಿಸುತ್ತೇವೆ ಅಂತ ಸರ್ಕಾರ ಸಾರಿತ್ತು. ಗಡುವು ಕಳೆಯಿತು. ಇವತ್ತಿಗೂ ಲೋಕದ ಟಿ.ಬಿ. ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು. ಪರೀಕ್ಷೆ ಪುಕ್ಕಟೆ, ಮಾತ್ರೆ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಇದು ಕೇರಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ಕೇಳಿ ನೋಡಿ.

ಆದ್ದರಿಂದ ನಾವು ಒತ್ತಾಯಿಸುವುದು ಇಷ್ಟು: ರೋಗಿಯ ಮಾತಿನಲ್ಲೇ ಹೇಳಬೇಕು. ‘ಗೊತ್ತಾಯ್ತಾ?’ ಅಂತ ಕೇಳಿ ಬಿಡಬಾರದು. ‘ನೀವು ಹೇಗೆ ನುಂಗ್ತೀರಿ, ಹೇಳಿ ನೋಡೋಣ’ ಅಂತ ರೋಗಿಯ ಬಾಯಲ್ಲೇ ಹೇಳಿಸಬೇಕು. ಕೂಲಿ ಮುಗಿದ ಮೇಲೂ ಆಸ್ಪತ್ರೆಯ ಬಾಗಿಲು ತೆರೆದಿರಬೇಕು.

ನಮ್ಮ ಕೆಲಸವೂ ಇದೆ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಮಾತ್ರೆ ಚೀಟಿ ಓದಿ ಹೇಳಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿ. ಎಂಜಲಲ್ಲ, ಎದೆಯಾಳದ ಕಫ ಕೊಡಬೇಕು ಅಂತ ತಿಳಿಸಿ. ಎರಡು ತಿಂಗಳಿಗೆ ಮೈ ಹಗುರಾಯಿತು ಅಂತ ಮಾತ್ರೆ ಬಿಟ್ಟರೆ ಔಷಧಿಗೂ ಜಗ್ಗದ ಟಿ.ಬಿ. ಬರಬಹುದು ಅಂತ ಹೇಳಿ. ಡಾಕ್ಟರ ಮುಂದೆ ಅವ್ವನ ಪಕ್ಕ ನಿಂತು ‘ಯಾಕೆ ಸಾರ್?’ ಅಂತ ಕೇಳಿ.

ಬಾಬಾಸಾಹೇಬರು ಕೊಟ್ಟ ಅಕ್ಷರ ಬರೀ ನೌಕರಿಗಲ್ಲ. ಅವ್ವನ ‘ಹೂಂ’ ಹೋಗಿ ‘ಯಾಕೆ?’ ಬರಲಿ.

ಜೈಭೀಮ್.