ಪರನಗರದಲ್ಲಿ ಒಂಟಿಯಾಗಿ ಒಂದು ದಿನ

ವಿದೇಶಯಾತ್ರೆಯನ್ನು ಮುಗಿಸಿ ಬಂದವರ ಮನೆಗಳಲ್ಲಿ ಈಚೆಗೆ ವಿಚಿತ್ರವಾದ ಒಂದು ಲೆಕ್ಕವು ಕೇಳಿಬರುತ್ತಿದೆ: ‘ಹನ್ನೆರಡು ದಿನಗಳಲ್ಲಿ ಏಳು ದೇಶ’. ಮಾರ್ಗದರ್ಶಕನು ಎತ್ತಿಹಿಡಿದ ಬಣ್ಣದ ಕೊಡೆಯ ಹಿಂದೆ ನಲವತ್ತು ಮಂದಿ ನಡೆದು, ನಿಲ್ಲೆಂದಲ್ಲಿ ನಿಂತು, ಏರೆಂದಾಗ ಬಸ್ಸನ್ನೇರಿ, ರಾತ್ರಿ ಊರಿನ ಅನ್ನಸಾರನ್ನೇ ಉಂಡು ಮಲಗಿದರೆ ಒಂದು ರಾಜಧಾನಿಯು ‘ಆಯಿತು’. ಮದುವೆಮನೆಯಲ್ಲಿ ಪಂಕ್ತಿ ಎದ್ದಂತೆ ನಗರಗಳು ಒಂದೊಂದಾಗಿ ಮುಗಿಯುತ್ತವೆ. ಬಾಳಿನ ಉಳಿತಾಯವನ್ನೆಲ್ಲ ಸುರಿದು ಕೊಳ್ಳುವ ಈ ಯಾತ್ರೆಯಲ್ಲಿ ಒಂದು ದಿನವನ್ನಾದರೂ ಯಾತ್ರಿಕರಿಗೆ ಬಿಟ್ಟುಕೊಡತಕ್ಕದ್ದು, ಆ ದಿನ ಅವರು ಒಂಟಿಯಾಗಿಯೇ ಊರನ್ನು ತಿರುಗತಕ್ಕದ್ದು ಎಂಬುದು ನನ್ನ ವಾದ. ಇದನ್ನು ವಿಲಾಸವೆಂದು ತಳ್ಳಿಹಾಕುವವರೊಡನೆ ನನಗೆ ಜಗಳವಿದೆ.

ಮಾತು ಬರಿಯ ಗಾಳಿಯಾಗದಿರಲೆಂದು ಒಂದು ನಗರವನ್ನೇ ತೆಗೆದುಕೊಳ್ಳೋಣ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೂ ನಮ್ಮ ಕರಾವಳಿಗೂ ಐದು ಶತಮಾನಗಳ ಸಂಬಂಧವುಂಟು. ಅದರಲ್ಲಿ ಕಹಿಯೇ ಹೆಚ್ಚು. ಗುಂಪುಗಳನ್ನು ಅಲ್ಲಿಯ ಬೆಲೆಂ ಎಂಬ ಭಾಗಕ್ಕೆ ಕರೆದೊಯ್ದು ಜೆರೋನಿಮುಸ್ ಮಠವನ್ನು ತೋರಿಸುತ್ತಾರೆ. ಕಟ್ಟಡವೇನೋ ನಿಜಕ್ಕೂ ಮನೋಹರ. ವಾಸ್ಕೋ ಡ ಗಾಮನ ಸಮಾಧಿಯ ಮುಂದೆ ಭಾವಚಿತ್ರ ತೆಗೆಸಿಕೊಂಡು, ‘ಶೋಧಗಳ ಯುಗ’ವನ್ನು ಕುರಿತು ನಾಲ್ಕು ಮಾತು ಕೇಳಿ ಗುಂಪು ಹೊರಬೀಳುತ್ತದೆ. ಯಾರು ಯಾರನ್ನು ಶೋಧಿಸಿದರು? ಒಂಟಿಯಾಗಿ ಬಂದವನಿಗೆ ಆ ಕಂಬಗಳ ನಡುವೆ ಅರ್ಧ ಗಂಟೆ ಕುಳಿತು ಹೀಗೆ ಕೇಳಿಕೊಳ್ಳಲು ಬಿಡುವಿದೆ. 16ನೆಯ ಶತಮಾನದಲ್ಲಿ ಈ ಮಠಕ್ಕೆ ಹಣವೊದಗಿದ್ದು ಆಫ್ರಿಕ ಹಾಗೂ ಪೂರ್ವದೇಶಗಳ ವ್ಯಾಪಾರದ ಮೇಲಣ ತೆರಿಗೆಯಿಂದ. ಆ ವ್ಯಾಪಾರಕ್ಕೆ ಜೀವಾಳವಾಗಿದ್ದುದು ಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರು ಈ ನಾಡಿನವರೇ. ಉಳ್ಳಾಲದ ಅಬ್ಬಕ್ಕ ರಾಣಿಯು ಸೆಣಸಿದ್ದೂ ಇವರೊಡನೆಯೇ. 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡ ಆಲ್ಬುಕರ್ಕನು ಅಲ್ಲಿಂದ ನಡೆದುಹೋಗುವಷ್ಟು ದೂರದ ಚೌಕವೊಂದರಲ್ಲಿ, ಎತ್ತರದ ಕಂಬದ ಮೇಲೆ, ವಿಗ್ರಹವಾಗಿ ನಿಂತಿದ್ದಾನೆ. ಹಲವು ದೇಶದವರಿಗೆ ಒಮ್ಮೆಗೇ ಒಪ್ಪುವ ಕಥೆಯನ್ನು ಹೇಳಬೇಕಾದ ಮಾರ್ಗದರ್ಶಕನಿಂದ ಇದನ್ನೆಲ್ಲ ನಿರೀಕ್ಷಿಸುವುದು ಅನ್ಯಾಯ. ಆದರೆ ಅವನು ಹೇಳಿದ್ದಷ್ಟೇ ಲಿಸ್ಬನ್ ಎಂದು ನಂಬಿ ಬರುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯವಲ್ಲವೆ?

ಇನ್ನು ಬೀದಿಗಳು. 1755ನೆಯ ನವೆಂಬರ್ 1ರ ಭೂಕಂಪವೂ ಅದರ ಬೆನ್ನಿಗೇ ಬಂದ ಕಡಲ ತೆರೆಯೂ ಬೆಂಕಿಯೂ ನಡುಪೇಟೆಯನ್ನು ಹಾಳುಗೆಡವಿದವು. ಪೊಂಬಾಲ್ ಎಂಬ ಮಂತ್ರಿಯು ಅದನ್ನು ಚದುರಂಗದ ಮಣೆಯಂತೆ ನೇರ ಬೀದಿಗಳಲ್ಲಿ ಮತ್ತೆ ಕಟ್ಟಿಸಿದನು. ಆ ಬೀದಿಗಳಿಗೆ ಚಿನ್ನದ ಬೀದಿ, ಬೆಳ್ಳಿಯ ಬೀದಿ, ಪಾದರಕ್ಷೆ ಮಾಡುವವರ ಬೀದಿ ಎಂದು ಕಸುಬುಗಳ ಹೆಸರು. ಬೆಂಗಳೂರಿನ ಅಕ್ಕಿಪೇಟೆ ಬಳೇಪೇಟೆಗಳನ್ನು ಬಲ್ಲವನಿಗೆ ಇಲ್ಲಿ ಪರಕೀಯತೆಯು ತಟ್ಟನೆ ಅರ್ಧಕ್ಕಿಳಿಯುತ್ತದೆ. ಮೇಲೆ ಗುಡ್ಡದ ಮಗ್ಗುಲಲ್ಲಿ, ಅಂದು ಛಾವಣಿ ಕುಸಿದ ಕಾರ್ಮೊ ಮಠದ ಇಗರ್ಜಿಯು ಇಂದಿಗೂ ಬಯಲಿಗೆ ತೆರೆದುಕೊಂಡೇ ಇದೆ. ಅಲ್ಫಾಮದ ಇಕ್ಕಟ್ಟಾದ ಓಣಿಗಳಲ್ಲಿ ಒಗೆದ ಬಟ್ಟೆ ಕಿಟಕಿಯಿಂದ ತೂಗುತ್ತಿರುತ್ತದೆ. ಆ ಕಿಟಕಿಗೆ ಅವರು ‘ಝನೆಲ’ ಎನ್ನುತ್ತಾರೆ. ನಮ್ಮ ಕರಾವಳಿಯವರ ‘ಜನೇಲು’ ಅದೇ. ತರಕಾರಿಯಂಗಡಿಯಲ್ಲಿ ‘ಬಟಾಟ’, ಕೀಲಿ ಮಾಡುವವನ ಫಲಕದ ಮೇಲೆ ನಮ್ಮ ‘ಚಾವಿ’ಯ ತಾಯಿಶಬ್ದ. ಬಸ್ಸಿನ ಗಾಜಿನೊಳಗಿಂದ ಈ ಅಕ್ಷರಗಳನ್ನು ಓದಲಾದೀತೆ?

ಆಕ್ಷೇಪಗಳನ್ನು ನಾನು ಬಲ್ಲೆ. ಭಾಷೆ ಬಾರದು; ದಾರಿ ತಪ್ಪೀತು; ಕಿಸೆ ಕತ್ತರಿಸಿಯಾರು. ಕೊನೆಯದನ್ನು ಒಪ್ಪುತ್ತೇನೆ: ಅಲ್ಲಿಯ 28ನೆಯ ಅಂಕಿಯ ಟ್ರಾಮು ಜೇಬುಗಳ್ಳರಿಗೆ ಹೆಸರುವಾಸಿ. ಆದರೆ ಅದರಲ್ಲಿ ಕಿಕ್ಕಿರಿಯುವವರು ಗುಂಪಿನವರೂ ಹೌದು. ದಾರಿ ತಪ್ಪುವುದಂತೂ ಅಲ್ಲಿ ಕಠಿನವೇ. ಇಳಿಜಾರನ್ನು ಹಿಡಿದು ನಡೆದರೆ ಬಹುಮಟ್ಟಿಗೆ ತೇಜೊ ನದಿಯ ದಂಡೆಗೇ ಬಂದು ಮುಟ್ಟುತ್ತೇವೆ. ಭಾಷೆಯ ಮಾತಿಗೆ ಉತ್ತರ ಆಗಲೇ ಹೇಳಿಯಾಯಿತು.

ಈ ಆಕ್ಷೇಪಗಳು ಗಂಡಸರ ವಿಷಯದಲ್ಲಿ ಸಲಹೆಯ ರೂಪದಲ್ಲಿರುತ್ತವೆ, ಹೆಂಗಸರ ವಿಷಯದಲ್ಲಿ ಆಜ್ಞೆಯಾಗುತ್ತವೆ. ಮಗಳ, ಸೊಸೆಯ ಬಾಣಂತನಕ್ಕೆಂದು ನಮ್ಮ ಎಷ್ಟು ತಾಯಂದಿರು ಸಮುದ್ರ ದಾಟಿ ಹೋಗಿಬಂದಿಲ್ಲ! ಆರು ತಿಂಗಳು ಒಂದು ಮಹಾನಗರದಲ್ಲಿದ್ದು ಆಕೆ ಕಂಡದ್ದು ಅಡಿಗೆಯ ಒಲೆ, ಮಗುವಿನ ತೊಟ್ಟಿಲು, ಭಾನುವಾರ ಕಾರಿನ ಕಿಟಕಿ. ‘ಅಮ್ಮನಿಗೆ ಏನೂ ತಿಳಿಯದು’ ಎಂದು ಮಗನು ಪ್ರೀತಿಯಿಂದಲೇ ಹೇಳುತ್ತಾನೆ. ನಲವತ್ತು ವರ್ಷ ಸಂತೆಯಲ್ಲಿ ಚೌಕಾಶಿ ಮಾಡಿ, ಗೊತ್ತಿಲ್ಲದ ಊರಿನ ಜಾತ್ರೆಗಳಲ್ಲಿ ಮಕ್ಕಳನ್ನು ಕಳೆದುಕೊಳ್ಳದೆ ಕರೆತಂದ ಆಕೆಗೆ ಒಂದು ಟ್ರಾಮು ಹತ್ತಿ ಇಳಿಯುವುದು ತಿಳಿಯದೆ? ಒಂದು ಹಗಲಿನ ಮಟ್ಟಿಗೆ ಮಗುವನ್ನು ಅಪ್ಪನೇ ನೋಡಿಕೊಳ್ಳಲಿ. ಮನೆಯ ವಿಳಾಸ ಬರೆದ ಚೀಟಿ, ಕೈಖರ್ಚಿಗೆ ಹಣ, ದಿನವಿಡೀ ಸಾಗುವ ಟಿಕೀಟು, ಇಷ್ಟನ್ನು ಕೊಟ್ಟು ಆಕೆಯನ್ನು ಬಾಗಿಲವರೆಗೆ ಕಳುಹಿಸಿ ಹಿಂದಿರುಗಲಿ. ಅರ್ಧ ಗಂಟೆಗೊಮ್ಮೆ ಫೋನು ಮಾಡಿ ‘ಎಲ್ಲಿದ್ದೀಯಮ್ಮ?’ ಎಂದು ಕೇಳದಿರಲಿ. ಆಕೆ ಬರುವುದು ಸಂಜೆ ತಡವಾದರೆ, ಅಂದಿನ ಅಡಿಗೆಯನ್ನೂ ಅವನೇ ಮಾಡಲಿ.